ಡೈಪರ್ ಜಾಗದ ಯೀಸ್ಟ್ ಸೋಂಕು: ಮನೆಯಲ್ಲಿ ಮಗುವಿನ ಆರೈಕೆ

ಡೈಪರ್ ಕಟ್ಟುವ ಜಾಗ ಕೆಂಪಾಗಿದೆ ಎಂದ ಮಾತ್ರಕ್ಕೆ ಅದು ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು ಎಂದುಕೊಳ್ಳಬೇಡಿ. ಮೊದಲು ಮಗುವಿನ ತೊಡೆಸಂದನ್ನು ನಿಧಾನವಾಗಿ ಬಿಡಿಸಿ ಒಳಗೆ ನೋಡಿ. ಉಚ್ಚೆ, ಕಕ್ಕ ತಾಗಿ ಬರುವ ಮಾಮೂಲಿ ದದ್ದು ಡೈಪರ್ ಉಜ್ಜುವ ಉಬ್ಬಿದ ಕಡೆ ಹೆಚ್ಚು. ಮಡಿಕೆಯೊಳಗಿನ ಚರ್ಮ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಯೀಸ್ಟ್ ಆದರೆ ಮಡಿಕೆಯೊಳಗೇ ಕೂತಿರುತ್ತದೆ: ಗಾಢ ಕೆಂಪು, ಹೊಳೆಯುವ ಚರ್ಮ, ಅಂಚಿನಲ್ಲಿ ತೆಳ್ಳಗೆ ಎದ್ದ ಬಿಳಿ ಸಿಪ್ಪೆ, ಅದರಾಚೆ ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಬಿಡಿಬಿಡಿಯಾಗಿ ಚೆಲ್ಲಿರುತ್ತವೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಎದ್ದು ಕಾಣದೆ ಕಂದು ಅಥವಾ ನೇರಳೆಯಾಗಿ ತೋರಬಹುದು. ಆಗ ಆ ಬಿಡಿ ಗುಳ್ಳೆಗಳೇ ಒಳ್ಳೆಯ ಗುರುತು. ಮಾಮೂಲಿ ರ‍್ಯಾಶ್ ಕ್ರೀಮ್ ಹಚ್ಚಿ ಮೂರು ದಿನವಾದರೂ ತಗ್ಗದಿದ್ದರೆ ಅನುಮಾನ ಇನ್ನೂ ಗಟ್ಟಿ.

ಇದಕ್ಕೆ ಕಾರಣವಾದ ಕ್ಯಾಂಡಿಡಾ ಎಂಬ ಶಿಲೀಂಧ್ರ ಎಷ್ಟೋ ಮಕ್ಕಳ ಕರುಳಿನಲ್ಲಿ ಸುಮ್ಮನೆ ಇರುತ್ತದೆ. ಬಿಸಿ, ತೇವ, ಉಜ್ಜಿ ಸವೆದ ಚರ್ಮ ಸಿಕ್ಕರೆ ಬೆಳೆಯುತ್ತದೆ. ಮಗುವಿಗೋ, ಹಾಲೂಡಿಸುವ ತಾಯಿಗೋ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಇದು ಬರುವುದುಂಟು, ಏಕೆಂದರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳೂ ಔಷಧಿಗೆ ಸಾಯುತ್ತವೆ.

ಹಾಗಾಗಿ ಮುಲಾಮಿನಷ್ಟೇ ಮುಖ್ಯ, ಒಣಗಿಸುವುದು. ಎರಡರಿಂದ ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಿ; ಕಕ್ಕ ಮಾಡಿದರೆ ಆ ಕ್ಷಣವೇ. ಉಗುರುಬೆಚ್ಚಗಿನ ನೀರು ಸುರಿದು ತೊಳೆಯಿರಿ, ಇಲ್ಲವೇ ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸಿ. ಸುವಾಸನೆ, ಆಲ್ಕೋಹಾಲ್ ಇರುವ ವೈಪ್ಸ್ ಬೇಡ, ಉರಿಯುತ್ತದೆ. ಮೆತ್ತನೆ ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಮೇಲೆ ಒಣಗಿದಂತೆ ಕಂಡರೂ ಮಡಿಕೆಯೊಳಗೆ ಪಸೆ ಉಳಿದಿರುತ್ತದೆ. ಮಡಿಕೆ ಬಿಡಿಸಿ ಅಲ್ಲಿಯೂ ಒತ್ತಿ, ಆಮೇಲೆ ಹತ್ತು ಹದಿನೈದು ನಿಮಿಷ ಡೈಪರ್ ಇಲ್ಲದೆ ಮಲಗಿಸಿ. ದಿನಕ್ಕೆ ಮೂರ್ನಾಲ್ಕು ಸಲ ಇಷ್ಟು ಗಾಳಿಯಾಡಿದರೂ ವ್ಯತ್ಯಾಸ ಕಾಣುತ್ತದೆ.

ಮುಲಾಮು ಯಾವುದು ಎಂದು ವೈದ್ಯರನ್ನು ಕೇಳಿಯೇ ತನ್ನಿ. ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ (ಶೇ. 1), ಮೈಕೊನಜೋಲ್ ಅಥವಾ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಬರೆಯುತ್ತಾರೆ. ಒಣಗಿದ ಚರ್ಮಕ್ಕೆ, ದದ್ದಿನ ಅಂಚು ದಾಟಿ ಬಿಡಿ ಗುಳ್ಳೆಗಳೂ ಸೇರುವಂತೆ ತೆಳ್ಳಗೆ ಹಚ್ಚಿ, ದಿನಕ್ಕೆ ಎರಡು ಮೂರು ಸಲ. ದಪ್ಪಗೆ ಬಳಿದ ಮಾತ್ರಕ್ಕೆ ಬೇಗ ವಾಸಿಯಾಗುವುದಿಲ್ಲ. ಅದು ಇಂಗಿದ ಮೇಲೆ ಜಿಂಕ್ ಆಕ್ಸೈಡ್ ಕ್ರೀಮನ್ನು ದಪ್ಪಗೆ ಹಚ್ಚಿ. ಇದು ತೇವಕ್ಕೆ ಅಡ್ಡ ನಿಲ್ಲುವ ಪದರ. ಕ್ರಮ ತಿರುಗಾಮುರುಗಾ ಆದರೆ ಔಷಧಿ ಚರ್ಮಕ್ಕೆ ತಲುಪುವುದೇ ಇಲ್ಲ. ಡೈಪರ್ ಬದಲಿಸುವಾಗಲೆಲ್ಲ ಜಿಂಕ್ ಪದರವನ್ನು ಪೂರ್ತಿ ಕೆರೆದು ತೆಗೆಯುವ ಅಗತ್ಯವಿಲ್ಲ, ಕೊಳೆಯಾದ ಮೇಲ್ಪದರ ಒರೆಸಿದರೆ ಸಾಕು. ಔಷಧಿ ಹಚ್ಚುವ ಹೊತ್ತಿಗೆ ಮಾತ್ರ ಪೂರ್ತಿ ತೆಗೆಯಿರಿ.

ಎರಡು ಮೂರು ದಿನದಲ್ಲಿ ಬಣ್ಣ ತಿಳಿಯಾಗತೊಡಗುತ್ತದೆ, ಪೂರ್ತಿ ಹೋಗಲು ಒಂದು ವಾರ ಅಥವಾ ಹತ್ತು ದಿನ ಬೇಕಾಗಬಹುದು. ಕಣ್ಣಿಗೆ ಕಾಣದಾದ ಕೂಡಲೇ ನಿಲ್ಲಿಸಿದರೆ ಮರಳಿ ಬರುತ್ತದೆ. ವೈದ್ಯರು ಹೇಳಿದಷ್ಟು ದಿನ ಮುಗಿಸಿ.

ಮನೆಯಲ್ಲಿ ಮೊದಲೇ ಇದ್ದ ಮುಲಾಮನ್ನು ಹಚ್ಚಬೇಡಿ. ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್ ಎಂದು ಇದ್ದರೆ ಅದು ಜೋರಾದ ಸ್ಟೀರಾಯ್ಡ್. ಡೈಪರ್ ಮುಚ್ಚಿದ ಚರ್ಮ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಚರ್ಮ ತೆಳುವಾಗುತ್ತದೆ. ಮೊದಲೆರಡು ದಿನ ಕೆಂಪು ಇಳಿದು ವಾಸಿಯಾದಂತೆ ಕಾಣುವುದೇ ಇದರ ಮೋಸ. ಟಾಲ್ಕಂ ಪೌಡರೂ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ವಿನೆಗರ್, ಅಡುಗೆ ಸೋಡ ಕೂಡ ಬೇಡ.

ಬಟ್ಟೆಯ ಲಂಗೋಟಿಯಾದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದು, ಸೋಪು ಉಳಿಯದಂತೆ ಜಾಲಿಸಿ, ಗರಿಗರಿಯಾಗುವ ತನಕ ಒಣಗಿಸಿ. ಪ್ರತಿ ಸಲ ಬದಲಿಸುವ ಮುಂಚೆಯೂ ಆಮೇಲೂ ಕೈ ತೊಳೆಯಿರಿ.

ಬಾಯಿಯನ್ನೂ ಒಮ್ಮೆ ನೋಡಿ. ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪೊರೆ ಇದ್ದು, ಒರೆಸಿದರೆ ಹಾಲಿನಂತೆ ಸುಲಭವಾಗಿ ಹೋಗದಿದ್ದರೆ ಅದೂ ಯೀಸ್ಟೇ ಇರಬಹುದು. ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ. ವರ್ಷ ತುಂಬದ ಮಗುವಿನ ಬಾಯಿಗೆ ಜೇನುತುಪ್ಪ ಸವರಲೇಬೇಡಿ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಬೋರಾಕ್ಸ್ (ಬಿಳಿಗಾರ) ಕೂಡ ಸವರಬೇಡಿ, ಅದು ಮಗುವಿಗೆ ವಿಷ. ವೈದ್ಯರು ಕೊಡುವ ಹನಿಯನ್ನು ಹಾಲು ಕುಡಿಸಿದ ಮೇಲೆ ಹಾಕಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಪ್ಪಲ್, ಪ್ಯಾಸಿಫೈಯರ್‌ಗಳನ್ನು ದಿನವೂ ಐದು ನಿಮಿಷ ಕುದಿಸಿ. ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಅವರಿಗೂ ಪರೀಕ್ಷೆ ಬೇಕು, ಇಬ್ಬರಲ್ಲೂ ಸೋಂಕಿದ್ದರೆ ಚಿಕಿತ್ಸೆ ಒಟ್ಟಿಗೇ ಆಗಬೇಕು. ಒಬ್ಬರಿಗೆ ಮಾತ್ರ ಮಾಡಿದರೆ ಸೋಂಕು ಆಚೆಯಿಂದೀಚೆಗೆ ಓಡಾಡುತ್ತಲೇ ಇರುತ್ತದೆ. ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೀವು, ನೀರುಗುಳ್ಳೆ, ಒಸರುವ ಹುಣ್ಣು ಕಂಡರೆ, ಮಗು ಹಾಲು ಬಿಟ್ಟರೆ, ಉಚ್ಚೆ ಕಡಿಮೆಯಾದರೆ ಅಂದೇ ತೋರಿಸಿ. ಔಷಧಿ ಹಚ್ಚಿ ಮೂರು ದಿನವಾದರೂ ಸ್ವಲ್ಪವೂ ತಗ್ಗದಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಹಚ್ಚುತ್ತಿರುವ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.