ರಸೀದಿ ಹಿಡಿದು ಕಲಿತ ಇಂಗ್ಲಿಷ್ ಭೂತಕಾಲ

ವ್ಯಾಕರಣದ ಅಭ್ಯಾಸಗಳಲ್ಲಿ ಬಿಟ್ಟ ಸ್ಥಳಗಳನ್ನು ತಪ್ಪಿಲ್ಲದೆ ತುಂಬುತ್ತಿದ್ದ ನಾನು, ನಿನ್ನೆ ಏನು ಕೊಂಡೆ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ತಡವರಿಸುತ್ತಿದ್ದೆ. ಆಗ ಒಂದು ಸರಳವಾದ ರೂಢಿಯನ್ನು ಮಾಡಿಕೊಂಡೆ. ಅಂಗಡಿಯ ರಸೀದಿಯನ್ನು ರಾತ್ರಿ ಮುಂದಿಟ್ಟುಕೊಂಡು, ಅದರಲ್ಲಿನ ಪ್ರತಿ ವಸ್ತುವಿನ ಬಗ್ಗೆ ಒಂದೊಂದು ವಾಕ್ಯವನ್ನು ಮೊದಲು ಗಟ್ಟಿಯಾಗಿ ಹೇಳಿ, ಅನಂತರ ಬರೆಯುತ್ತಿದ್ದೆ.

ಒಂದು ವಾರದ ಪುಟಗಳನ್ನು ತಿರುವಿದಾಗ, ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದ ಜಾಡು ಹಿಡಿದೇ ಬಂದವೆಂಬುದು ತಿಳಿಯಿತು. ‘ಐ ಹ್ಯಾವ್ ಬಾಟ್ ಆ್ಯನ್ ಅಂಬ್ರೆಲಾ ಯೆಸ್ಟರ್‌ಡೇ’ ಎಂದು ಬರೆದಿದ್ದೆ. ‘ನಿನ್ನೆ ಛತ್ರಿ ಕೊಂಡಿದ್ದೇನೆ’ ಎಂಬುದು ನಮ್ಮ ಕಿವಿಗೆ ಅಸಹಜವೆನಿಸದು. ಇಂಗ್ಲಿಷಿನಲ್ಲಾದರೋ ‘ಯೆಸ್ಟರ್‌ಡೇ’ಯಂತಹ ಮುಗಿದುಹೋದ ಕಾಲವನ್ನು ಹೆಸರಿಸಿದೊಡನೆ ‘ಹ್ಯಾವ್’ಗೆ ಎಡೆಯಿಲ್ಲ, ‘ಐ ಬಾಟ್’ ಎಂದೇ ಹೇಳಬೇಕು. ‘ಹೋದ ತಿಂಗಳು ಕೊಂಡಿದ್ದೆ’ ಎಂಬುದನ್ನು ‘ಐ ಹ್ಯಾಡ್ ಬಾಟ್’ ಎಂದು ಬರೆದದ್ದೂ ಇದೇ ಬಗೆಯ ತಪ್ಪು. ನಾನು ಮನೆಗೆ ಬರುವಷ್ಟರಲ್ಲಿ ತಂಗಿ ಹಾಲು ತಂದಿದ್ದಳು ಎನ್ನುವಂತೆ, ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮೊದಲಿನದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಸಲ್ಲುತ್ತದೆ. ‘ಕೊಳ್ಳುತ್ತಿದ್ದೆ’ ಎಂಬುದಂತೂ ಎರಡು ಕಡೆ ಎಳೆಯುತ್ತದೆ: ಆ ಹೊತ್ತಿನಲ್ಲಿ ನಡೆದಿದ್ದ ಕೆಲಸಕ್ಕೆ ‘ವಾಸ್ ಬೈಯಿಂಗ್’, ಹಿಂದಿನ ರೂಢಿಗೆ ‘ಯೂಸ್ಡ್ ಟು ಬೈ’.

‘ಡಿಡ್ ಯು ಬಾಟ್’ ಎಂಬ ತಪ್ಪು ನಾಲಿಗೆಯಿಂದ ಬೇಗ ಕಳಚಲಿಲ್ಲ. ‘ಕೊಂಡೆಯಾ’ ಎಂಬಲ್ಲಿ ಕ್ರಿಯಾಪದವೇ ಭೂತಕಾಲವನ್ನು ಹೊತ್ತಿರುವುದು ಇದಕ್ಕೆ ಕಾರಣವಿರಬೇಕು. ಆದರೆ ‘ಕೊಳ್ಳಲಿಲ್ಲ’ ಎಂಬ ನಿಷೇಧರೂಪದಲ್ಲಿ ‘ಕೊಂಡ’ ಎಂಬುದರ ಸುಳಿವೇ ಇಲ್ಲ. ‘ಡಿಡಂಟ್ ಬೈ’ ಕೂಡ ಹಾಗೆಯೇ ಎಂದು ಹೊಳೆದ ಮೇಲೆ, ಪ್ರಶ್ನೆಯಲ್ಲೂ ‘ಡಿಡ್’ ಬಂದರೆ ‘ಬೈ’ ಮೂಲರೂಪದಲ್ಲೇ ಉಳಿಯಬೇಕೆಂಬುದನ್ನು ಬಾಯಿಪಾಠ ಮಾಡಬೇಕಾಗಲಿಲ್ಲ.

ಪರಿಮಾಣದ ಪದಗಳಲ್ಲಿ ಕನ್ನಡ ಅರ್ಧದಾರಿಯವರೆಗೆ ಜೊತೆ ಬಂತು. ‘ಕೆಲವು’ ಸೇರಿಸಬಹುದಾದ ವಸ್ತುವಿಗೆ ‘ಎ ಫ್ಯೂ’, ‘ಸ್ವಲ್ಪ’ ಮಾತ್ರ ಸಲ್ಲುವ ಹಾಲು ಸಕ್ಕರೆಗಳಿಗೆ ‘ಎ ಲಿಟಲ್’ ಎಂದುಕೊಂಡೆ. ಈ ಲೆಕ್ಕ ಕೈಕೊಟ್ಟಿದ್ದು ‘ಫರ್ನಿಚರ್’, ‘ಲಗೇಜ್’ ಪದಗಳಲ್ಲಿ. ನಾವು ಒಂದೆರಡೆಂದು ಎಣಿಸುವ ಇವನ್ನು ಇಂಗ್ಲಿಷ್ ಎಣಿಸುವುದಿಲ್ಲವಾದ್ದರಿಂದ ‘ಮೆನಿ’ ಹೊಂದದು, ‘ಮಚ್’ ಎನ್ನಬೇಕು. ‘ಹಣ’ಕ್ಕೂ ‘ಮಚ್’ ಎಂಬುದು, ನೋಟುಗಳನ್ನು ಎಣಿಸುವವರಿಗೆ ಸ್ವಲ್ಪ ವಿಚಿತ್ರವೇ. ‘ಎ’ ಬಿಟ್ಟು ಬರಿಯ ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ ಎಂಬ ಅರ್ಥ ಬರುವುದನ್ನು ಕಲಿಯಲು ಇನ್ನೂ ಕೆಲವು ರಸೀದಿಗಳು ಬೇಕಾದವು.

ಅಂಗಡಿಯ ಪದಗಳು ಬಳಸುತ್ತ ಬಳಸುತ್ತ ಬಂದವು: ಹಣ ಹಿಂದಕ್ಕೆ ಪಡೆದರೆ ‘ರಿಫಂಡ್’, ವಸ್ತುವನ್ನೇ ಬದಲಿಸಿದರೆ ‘ಎಕ್ಸ್‌ಚೇಂಜ್’. ‘ಫಿಟ್’ ಮತ್ತು ‘ಸೂಟ್’ ಪದಗಳ ವ್ಯತ್ಯಾಸವನ್ನು ಮಾತ್ರ ಪೇಚಿಗೆ ಸಿಕ್ಕಿ ಕಲಿತೆ. ಕಾಲಿಗೆ ಬಿಗಿಯಾದ ಷೂಗಳನ್ನು ಹಿಂದಿರುಗಿಸಲು ಹೋಗಿ, ‘ದೇ ಡಿಡಂಟ್ ಸೂಟ್ ಮಿ’ ಎಂದೆ. ಅವು ನನ್ನ ನೋಟಕ್ಕೆ ಒಪ್ಪಲಿಲ್ಲವೆಂದು ತಿಳಿದ ಅಂಗಡಿಯವರು ಸೌಜನ್ಯದಿಂದ ಅದೇ ಅಳತೆಯ, ಬೇರೆ ಬಣ್ಣದ ಜೋಡಿಯನ್ನು ತಂದಿಟ್ಟರು. ಆ ರಾತ್ರಿಯ ಪುಟದಲ್ಲಿ ‘ದೇ ಡಿಡಂಟ್ ಫಿಟ್’ ಎಂದು 10 ಬಾರಿ ಬರೆದೆ.