ಚಕ್ಲಿಗೊಂದು ಗುಂಡಿ, ಮಲ್ಲಿಗೆಗೊಂದು ಬೇಲಿ

ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಾಳೆ ಕಂದು ಮಲಗಿತ್ತು. ಹಿಂದಿನ ಸಂಜೆ ನಾನೇ ನೆಟ್ಟ ನಂಜನಗೂಡು ರಸಬಾಳೆ. ಪಕ್ಕದಲ್ಲಿ ನಮ್ಮ ನಾಯಿ ಚಕ್ಲಿ ಮೂಗಿಗೆಲ್ಲ ಮಣ್ಣು ಮೆತ್ತಿಕೊಂಡು ಕೂತಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ. "ನಿಮ್ಮ ಬಾಳೆ ತಾನೇ ನಡ್ಕೊಂಡು ಬಂದಿದೆ ನೋಡಿ" ಅಂದಳು ಮನೆಯವಳು.

ಮೂರು ಸಲ ನೆಟ್ಟೆ, ಮೂರು ಸಲವೂ ಕಿತ್ತ. ಬೈದೆ, ಕಟ್ಟಿ ಹಾಕಿದೆ. ಆಮೇಲೆ ಹೊಳೆಯಿತು: ಗುಂಡಿಗೆ ನಾನು ಮೂಳೆ ಪುಡಿ ಹಾಕಿದ್ದೆ. ನೆಲದೊಳಗಿಂದ ಮೂಳೆ ವಾಸನೆ ಬಂದರೆ ನಾಯಿ ಅಗೆಯದೆ ಸುಮ್ನೆ ಕೂರುತ್ತದಾ? ನಾಲ್ಕನೇ ಸಲ ಹಳೇ ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದೆ. ಕಂದು ಅಲ್ಲೇ ನಿಂತಿತು. (ರಸಬಾಳೆಗೆ ಸೊರಗು ರೋಗ ಬೇರೆ ಇದೆ, ಅದು ಇನ್ನೊಂದು ಕಥೆ.)

ಕುವೆಂಪುನಗರದಲ್ಲಿ ನಮ್ಮದು 40-60 ಸೈಟು. ಮನೆ ಬಿಟ್ಟು ಉಳಿದ ಜಾಗದಲ್ಲಿ ನನ್ನ ತೋಟ, ಚಕ್ಲಿಯ ಸಾಮ್ರಾಜ್ಯ. ಅವನು ಜಾತಿ ನಾಯಿಯಲ್ಲ, ಬೀದಿಯಲ್ಲಿ ಸಿಕ್ಕವನು. ಬಾಲ ಚಕ್ಕುಲಿಯಂತೆ ಸುತ್ತಿಕೊಂಡಿದೆ, ಅದಕ್ಕೇ ಆ ಹೆಸರು.

ನಾಯಿ ಇರುವ ಮನೆಯಲ್ಲಿ ಗಿಡ ನೆಡುವ ಮೊದಲು ಒಂದು ವಾರ ಏನೂ ಮಾಡಬೇಡಿ. ಕಾಫಿ ಹಿಡಿದು ಕೂತು ನಾಯಿಯನ್ನು ನೋಡಿ. ಎಲ್ಲಿ ಓಡುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲಿ ಕಾಲೆತ್ತುತ್ತದೆ. ಕಸದ ಗಾಡಿಯ ಹಾಡು ಕೇಳಿದ ಕೂಡಲೇ ಚಕ್ಲಿ ಗೇಟಿನಿಂದ ಹಿತ್ತಲವರೆಗೆ ಕಾಂಪೌಂಡ್ ಪಕ್ಕದಲ್ಲೇ ಓಡುತ್ತಾನೆ. ನಾನು ಆ ದಾರಿಯಲ್ಲೇ ಕನಕಾಂಬರ ಹಾಕಿದ್ದೆ. ಎರಡು ಸಲ ತುಳಿಸಿಕೊಂಡ ಮೇಲೆ ಸೋಲೊಪ್ಪಿಕೊಂಡು 2 ಅಡಿ ಅಗಲದ ದಾರಿ ಬಿಟ್ಟು ಚಪ್ಪಡಿ ಹಾಸಿದೆ. ಕನಕಾಂಬರ ಒಂದು ಮೊಳ ಒಳಗೆ ಬಂತು, ಈಗ ಚೆನ್ನಾಗಿದೆ.

ಅಗೆಯುವುದನ್ನು ನಿಲ್ಲಿಸಲು ಆಗುವುದಿಲ್ಲ, ಜಾಗ ಬದಲಾಯಿಸಬಹುದು ಅಷ್ಟೆ. ಬೇಸಿಗೆಯಲ್ಲಿ ಹೊಟ್ಟೆ ತಂಪಾಗಲಿ ಅಂತ ನಾಯಿ ತೇವದ ಮಣ್ಣು ಹುಡುಕುತ್ತದೆ. ನೀವು ಈಗಷ್ಟೇ ನೀರು ಹಾಕಿದ ಪಾತಿ ಅದಕ್ಕೆ ಎ.ಸಿ. ರೂಮು. ನಾನು ಸಪೋಟ ಮರದ ನೆರಳಲ್ಲಿ 3 ಅಡಿಗೆ 4 ಅಡಿ ಜಾಗ ಬಿಟ್ಟು ಒಂದಡಿ ಆಳಕ್ಕೆ ಮರಳು ತುಂಬಿಸಿದೆ. ಮೊದಲ ಎರಡು ವಾರ ದಿನಾ ಅಲ್ಲಿ ಒಂದು ಚೂರು ಕೊಬ್ಬರಿ ಹೂತಿಟ್ಟೆ. ಜಾಸ್ತಿ ಆಳಕ್ಕೆ ಬೇಡ, ಜಾಸ್ತಿ ಹೊತ್ತೂ ಬಿಡಬೇಡಿ, ಇರುವೆ ಮುತ್ತುತ್ತದೆ. ಬೇಯಿಸಿದ ಮೂಳೆ ಮಾತ್ರ ಹೂಳಬೇಡಿ, ಚೂರಾಗಿ ಕರುಳಿಗೆ ಚುಚ್ಚಬಹುದು. ಮಧ್ಯಾಹ್ನ ಮರಳಿಗೆ ಒಂದು ಬಕೆಟ್ ನೀರು ಚಿಮುಕಿಸಿದರೆ ಆಯಿತು, ಸಂಜೆವರೆಗೆ ಅಲ್ಲೇ ಬಿದ್ದಿರುತ್ತಾನೆ. ಎಳೆ ಪಾತಿಗಳ ಮೇಲೆ ತಂತಿ ಬಲೆ ಹಾಸಿ, ಅಂಚು ಚುಚ್ಚದ ಹಾಗೆ ಮಣ್ಣಿನೊಳಗೆ ಮಡಚಿಡಿ.

ಇನ್ನು ತುಳಸಿ. ಎದುರು ಮನೆ ಅಜ್ಜಿ ಗೇಟಿನಿಂದಲೇ "ಅಯ್ಯೋ, ನಿಮ್ಮ ನಾಯಿ ದಿನಾ ಅಭಿಷೇಕ ಮಾಡ್ತಾ ಇದೆಯಲ್ಲಪ್ಪ" ಅಂದಾಗ ಮಾನ ಹೋಯಿತು. ಕುಂಡ ಎತ್ತರದ ಕಟ್ಟೆ ಏರಿತು. ಚಕ್ಲಿಯ ದಾರಿಯ ಮೂಲೆಯಲ್ಲಿ ಒಂದು ಹಳೇ ಕಲ್ಲು ಕಂಬ ನೆಟ್ಟೆ. ಈಗ ಅವನಿಗೆ ಅದೇ ಠಾಣೆ. ಗಿಡದ ಬುಡಕ್ಕೆ ಉಚ್ಚೆ ಬಿದ್ದರೆ ಕೂಡಲೇ ಒಂದು ತಂಬಿಗೆ ನೀರು ಸುರಿಯಿರಿ. ಅದರಲ್ಲಿರುವ ಸಾರಜನಕ ಮತ್ತು ಉಪ್ಪು ಜಾಸ್ತಿಯಾದರೇ ಎಲೆ ಸುಡುವುದು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಮಲ್ಲಿಗೆಯನ್ನು ನವೆಂಬರ್ ಕೊನೆಗೋ ಡಿಸೆಂಬರಿಗೋ ಸವರಿ ಗೊಬ್ಬರ ಕೊಟ್ಟರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಹಾಗೇ ಸವರಿ, ಬುಡ ಬಿಡಿಸಿ, ಗೊಬ್ಬರದಂಗಡಿಗೆ ಹೋದೆ. ಬೇವಿನ ಹಿಂಡಿ ಮುಗಿದಿತ್ತು. "ಹರಳು ಹಿಂಡಿ ತಗೊಳ್ಳಿ ಸಾರ್, ಗಿಡಕ್ಕೆ ಇನ್ನೂ ಒಳ್ಳೇದು" ಅಂದರು. ಗಿಡಕ್ಕೆ ಒಳ್ಳೆಯದೇ, ಸುಳ್ಳಲ್ಲ. ಆದರೆ ಹರಳು ಬೀಜದಲ್ಲಿ ರೈಸಿನ್ ಅನ್ನುವ ವಿಷ ಇದೆ. ಗಾಣದಲ್ಲಿ ಎಣ್ಣೆ ಬೇರೆಯಾದ ಮೇಲೆ ಅದು ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಕಾಯಿಸಿದ ಹಿಂಡಿಯಲ್ಲಿ ಆ ವಿಷ ಸಾಯುತ್ತದೆ, ಆದರೆ ಚೀಲ ನೋಡಿ ಅದನ್ನು ಹೇಳಲಾಗದು. ನಾಯಿಗೆ ಅದರ ವಾಸನೆ ಬಲು ಇಷ್ಟ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಆ ರಾತ್ರಿ ಚಕ್ಲಿ ಮೊಸರನ್ನ ತಿಂದು ಮಲಗಿದ. ಬೆಳಿಗ್ಗೆ ಸಂಪಿನ ಪಕ್ಕ ಮುದುರಿ ಬಿದ್ದಿದ್ದ. ಮೂರು ಕಡೆ ವಾಂತಿ, ಭೇದಿಯಲ್ಲಿ ರಕ್ತ. ಕರೆದರೆ ಕಣ್ಣು ಮಾತ್ರ ಹೊರಳಿಸಿದ. ನನಗೆ ಎದೆ ಧಸಕ್ಕೆಂದಿದ್ದು ಅವನ ಬಾಲ ನೋಡಿ. ಸುರುಳಿ ಬಿಚ್ಚಿ ನೆಲದ ಮೇಲೆ ಹಗ್ಗದಂತೆ ಬಿದ್ದಿತ್ತು. ಮಲ್ಲಿಗೆ ಬುಡ ಪೂರ್ತಿ ಕೆದಕಿತ್ತು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ "ಏನು ತಿಂದ? ಎಷ್ಟು ಹೊತ್ತಾಯ್ತು?" ಚೀಲ ಕೈಯಲ್ಲೇ ಇತ್ತು, ಅದೊಂದು ಬುದ್ಧಿ ಓಡಿತ್ತು. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಮೂರು ದಿನ ಡ್ರಿಪ್. ನಾಲ್ಕನೇ ಬೆಳಿಗ್ಗೆ ಬಾಲದ ತುದಿ ಅರ್ಧ ಸುರುಳಿ ಸುತ್ತಿತ್ತು. ಮನೆಯವಳು ಅಲ್ಲೇ ಅತ್ತುಬಿಟ್ಟಳು.

ಹಾಗಾಗಿ ನಾಯಿ ಇರುವ ಮನೆಗೆ ಹರಳು ಹಿಂಡಿ ತರಲೇಬೇಡಿ. "ಮಿಕ್ಸ್ ಗೊಬ್ಬರ" ಅಂತ ಕೊಟ್ಟರೆ ಒಳಗೆ ಏನೇನಿದೆ ಕೇಳಿ. ಬೇವಿನ ಹಿಂಡಿ ಕಹಿ, ಆದರೂ ಮಣ್ಣಲ್ಲಿ ಬೆರೆಸಿ ಮುಚ್ಚಿ. ನಾಯಿ ಹರಳು ಹಿಂಡಿ ತಿಂದಿದ್ದು ಕಣ್ಣಿಗೆ ಬಿದ್ದರೆ ಲಕ್ಷಣಕ್ಕೆ ಕಾಯಬೇಡಿ. ಅದು ಕಾಣಿಸಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಹಿಡಿಯಬಹುದು. ಬೇಗ ಹೋದರೆ ಡಾಕ್ಟರು ವಾಂತಿ ಮಾಡಿಸಿ ಒಳಗಿನದನ್ನು ತೆಗೆಯಬಹುದು. ಮನೆಯಲ್ಲೇ ಉಪ್ಪು ನೀರು ಕುಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಚೀಲ ಹಿಡಿದು ನೇರ ಆಸ್ಪತ್ರೆಗೆ ಹೋಗಿ.

ಗಿಡಗಳಲ್ಲಿ ಕಣಗಿಲೆಯನ್ನು ನಾನು ಬೇರುಸಹಿತ ತೆಗೆಸಿದೆ, ಅದರ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ಕೆಟ್ಟದ್ದು. ಚೆಂದಕ್ಕೆ ಇಟ್ಟಿದ್ದ ಸೈಕಸ್ ಗಿಡವೂ ನಾಯಿಗೆ ವಿಷವೇ, ಅದರ ಕುಂಡ ಮಹಡಿ ಮೇಲೆ ಹೋಯಿತು. ಈರುಳ್ಳಿ ಸಿಪ್ಪೆ, ಹಳಸಿದ ಅನ್ನ ಬೀಳುವ ಕಾಂಪೋಸ್ಟ್ ಡ್ರಮ್ಮಿಗೆ ಮುಚ್ಚಳ ಇರಲಿ, ಮುಚ್ಚಳದ ಮೇಲೊಂದು ಕಲ್ಲೂ ಇರಲಿ.

ಮಳೆಗಾಲದಲ್ಲಿ ಹುಲ್ಲು ಕತ್ತರಿಸಿ, ಕಿವಿ ಸಂದು, ಬೆರಳ ಸಂದು ನೋಡಿ ಉಣ್ಣೆ ಹುಳ ತೆಗೆಯಿರಿ. ಕತ್ತಲಾದ ಮೇಲೆ ಪಾತಿಗೆ ದೊಡ್ಡ ಕಪ್ಪೆಗಳು ಬರುತ್ತವೆ. ನಾಯಿ ಅದನ್ನು ಕಚ್ಚಿ ಬಾಯಲ್ಲಿ ನೊರೆ ಸುರಿಸಿದರೆ ಒದ್ದೆ ಬಟ್ಟೆಯಲ್ಲಿ ಒಸಡು, ನಾಲಿಗೆ ಒರೆಸಿ. ನೀರು ಹಾಕುವುದಾದರೆ ಮೂತಿ ಕೆಳಗೆ ಬಗ್ಗಿಸಿ, ಹೊಟ್ಟೆಗೆ ಇಳಿಯಬಾರದು. ನೊರೆ ನಿಲ್ಲದಿದ್ದರೆ, ತೂರಾಡಿದರೆ ಡಾಕ್ಟರ ಹತ್ತಿರ ಓಡಿ.

ಮಲ್ಲಿಗೆಗೆ ಈಗ ಮೊಣಕಾಲೆತ್ತರದ ಬಿದಿರು ಬೇಲಿ ಇದೆ. ಚಕ್ಲಿ ಅದನ್ನು ಸಲೀಸಾಗಿ ಹಾರಬಲ್ಲ. ಹಾರುವುದಿಲ್ಲ. ಬೇಲಿ ಪಕ್ಕ ಮಲಗಿ, ನಾನು ಗೊಬ್ಬರ ಹಾಕುವಾಗ ಒಂದೇ ಕಣ್ಣು ತೆರೆದು ನೋಡುತ್ತಿರುತ್ತಾನೆ. ನಾನೂ ಅವನನ್ನೇ ನೋಡುತ್ತಿರುತ್ತೇನೆ.