ಎಂಟು ಅಡಿಯ ಕನ್ನಡಕ

ನಮ್ಮ ಪಬ್ ಡಾರ್ಟ್ಸ್ ಲೀಗ್ ಟೀಮಿನ ಕ್ಯಾಪ್ಟನ್ ಮೂರು ವರ್ಷದಿಂದ ಒಂದೇ ರಾಗ ಹಾಡುತ್ತಿದ್ದ. "ನಿನಗೆ ವಯಸ್ಸಾಯ್ತು, ಇನ್ನು ಡಬಲ್ ಬೀಳಲ್ಲ, ಒಪ್ಪಿಕೊಂಡುಬಿಡು." (ಡಬಲ್ ಅಂದ್ರೆ ಬೋರ್ಡಿನ ಹೊರ ಅಂಚಿನ ಸಣ್ಣ ಪಟ್ಟಿ, ಎರಡು ಪಟ್ಟು ಅಂಕ. ಆಟ ಮುಗಿಸುವ ಡಾರ್ಟ್ ಅಲ್ಲೇ ಬೀಳಬೇಕು.) ಮೊನ್ನೆ ಸೀನಿಯರ್ಸ್ ಕ್ವಾಲಿಫೈಯರ್‌ನಲ್ಲಿ ನಾಲ್ಕು ಮ್ಯಾಚ್ ಗೆದ್ದು ಬಂದೆ ನೋಡಿ, ಅವನೇ ಹತ್ತಿರ ಬಂದು "ಆ ಕನ್ನಡಕ ಒಂದ್ಸಲ ಕೊಡು" ಅಂದ. ಕೊಡಲಿಲ್ಲ. ಅವನ ನಂಬರೇ ಬೇರೆ, ಹಾಕಿಕೊಂಡರೆ ತಲೆನೋವು ಬರುತ್ತೆ ಅಷ್ಟೆ.

ಇದರ ಹುಚ್ಚು ಹಿಡಿದದ್ದು 2022ರ ಫೆಬ್ರವರಿಯಲ್ಲಿ. ಐವತ್ತು ದಾಟಿದವರ ಮೊದಲ ವರ್ಲ್ಡ್ ಸೀನಿಯರ್ಸ್ ಚಾಂಪಿಯನ್‌ಶಿಪ್ ಪರ್‌ಫ್ಲೀಟಿನ ಸರ್ಕಸ್ ಟ್ಯಾವರ್ನ್‌ನಲ್ಲಿ ನಡೆಯಿತು, ನಮ್ಮ ಎಸೆಕ್ಸ್ ಮನೆಯಿಂದ ಅರ್ಧ ಗಂಟೆ ದಾರಿ. 1994ರಿಂದ 2007ರವರೆಗೆ ಪಿಡಿಸಿ (ವೃತ್ತಿಪರ ಡಾರ್ಟ್ಸ್ ಸಂಸ್ಥೆ) ವರ್ಲ್ಡ್ ಚಾಂಪಿಯನ್‌ಶಿಪ್ ಆಡುತ್ತಿದ್ದದ್ದು ಅದೇ ಹಾಲಿನಲ್ಲಿ. (ಥೇಮ್ಸ್ ದಾಟಿದರೆ ಆಚೆ ದಡದಲ್ಲಿ ಡಾರ್ಟ್‌ಫರ್ಡ್. ಊರಿಗೂ ಡಾರ್ಟ್ಸ್‌ಗೂ ಸಂಬಂಧ ಇಲ್ಲ, ಅದು ಡಾರೆಂಟ್ ಹೊಳೆಯ ಹೆಸರು. ನಾನು ಎಷ್ಟೋ ವರ್ಷ ಸಂಬಂಧ ಇದೆ ಅಂತಲೇ ನಂಬಿದ್ದೆ.) ಫೈನಲ್‌ನಲ್ಲಿ ರಾಬರ್ಟ್ ಥಾರ್ನ್‌ಟನ್ ಗೆದ್ದರು, 5-1. ನನ್ನ ಕಣ್ಣು ಮಾತ್ರ ಸೋತ ಮಾರ್ಟಿನ್ ಆಡಮ್ಸ್ ಮೇಲೇ ಇತ್ತು. ಅವರಿಗಾಗ 65. ನನಗೆ 51. ಹಾಸನದಲ್ಲಿ ನಮ್ಮಪ್ಪ ಆಡಮ್ಸ್ ವಯಸ್ಸಿಗೆ ರಿಟೈರ್ ಆಗಿ ಬಾಗಿಲ ಮುಂದೆ ಪೇಪರ್ ಓದುತ್ತಾ ಕೂತಿದ್ದರು.

ಆಮೇಲೆ ಮೂರು ಕ್ವಾಲಿಫೈಯರ್‌ಗೆ ಹೋದೆ. ಮೂರರಲ್ಲೂ ಮೊದಲ ರೌಂಡಿನಲ್ಲೇ ಔಟ್. ಎಂಟ್ರಿ, ಟ್ರೇನು, ಹೋಟೆಲ್ಲು ಸೇರಿ ಒಂದೊಂದಕ್ಕೂ ಹತ್ತಿರ ಹತ್ತಿರ 150 ಪೌಂಡ್. ಸ್ಕೋರಿಂಗ್ ಪರವಾಗಿಲ್ಲ, ಡಬಲ್ ಮಾತ್ರ ಬೀಳುತ್ತಿರಲಿಲ್ಲ. ಮನೆಯಲ್ಲಿ ಡಬಲ್ 16ಕ್ಕೆ ನೂರು ಡಾರ್ಟ್ ಎಸೆದರೆ 14, ಇಲ್ಲ 15.

ಎಲ್ಲರ ಸಲಹೆಯನ್ನೂ ಕೇಳಿದೆ. 22 ಗ್ರಾಮಿನ ಡಾರ್ಟ್‌ನಿಂದ 26ಕ್ಕೆ ಹೋದೆ, ವಾಪಸ್ 24ಕ್ಕೆ ಬಂದೆ, ಸೆಟ್ ಒಂದಕ್ಕೆ 60-70 ಪೌಂಡ್. ಒಂದು ಕಣ್ಣಿಗೆ ಪಟ್ಟಿ ಕಟ್ಟಿಯೂ ಆಡಿದೆ, ಹೆಂಡತಿ "ರೀ, ಕಿಟಕಿ ಪರದೆ ಎಳ್ಕೊಂಡು ಆಡಿ, ಪಕ್ಕದ ಮನೆಯವರು ನೋಡ್ತಾರೆ" ಅಂದಳು. ಹಳದಿ ಗಾಜಿನ ಕನ್ನಡಕ ತರಿಸಿದೆ, ಬೋರ್ಡಿನ ಕೆಂಪು ಹಸಿರು ಎರಡೂ ಒಂದೇ ಕೆಸರಾಗಿ ಕಂಡವು.

ತಪ್ಪು ನನ್ನ ಪ್ರೋಗ್ರೆಸಿವ್ ಕನ್ನಡಕದ್ದು. 380 ಪೌಂಡ್ ಕೊಟ್ಟು ಮಾಡಿಸಿದ್ದೆ. ಅದರಲ್ಲಿ ಮೇಲುಗಡೆ ದೂರ, ಕೆಳಗಡೆ ಹತ್ತಿರ, ನಡುವಿನ ದೂರಕ್ಕೆ ಒಂದು ಸಣ್ಣ ಓಣಿಯಷ್ಟೇ. ಬೋರ್ಡ್ ಆ ಓಣಿಯೊಳಗೆ ಬರಲಿ ಅಂತ ನನಗೇ ಗೊತ್ತಿಲ್ಲದೆ ಗದ್ದ ಎತ್ತುತ್ತಿದ್ದೆ. ಗದ್ದ ಎತ್ತಿದರೆ ಮೊಣಕೈ ಇಳಿಯುತ್ತೆ, ಡಾರ್ಟ್ ಕೆಳಗೆ ಹೋಗುತ್ತೆ. ಮಗಳು ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿದಾಗಲೇ ತಿಳಿದದ್ದು. ಮೊದಲ ಡಾರ್ಟಿಗೆ ಗದ್ದ ನೆಟ್ಟಗಿತ್ತು, ಮೂರನೆಯದಕ್ಕೆ ಸೂರು ನೋಡುತ್ತಿತ್ತು!

ಹಾಗಾದ್ರೆ ಬರೀ ಬೋರ್ಡಿಗೆ ಅಂತಲೇ ಒಂದು ಕನ್ನಡಕ ಯಾಕೆ ಬೇಡ? ಡೆನಿಸ್ ಟೇಲರ್ 1985ರಲ್ಲಿ ಸ್ನೂಕರ್ ವರ್ಲ್ಡ್ ಚಾಂಪಿಯನ್ ಆದದ್ದು ಆಟಕ್ಕೆಂದೇ ಮಾಡಿಸಿದ ಆ ದೊಡ್ಡ ಕನ್ನಡಕದಲ್ಲಿ ತಾನೇ? ಪಬ್ಬಿನಲ್ಲಿ ಹೇಳಿದರೆ ನಕ್ಕರು. ಡಾರ್ಟ್ಸ್ ಸ್ನೂಕರ್ ಅಲ್ಲವಂತೆ.

ಲೆಕ್ಕ ಸುಲಭ. ಓಕಿಯಿಂದ, ಅಂದ್ರೆ ನಿಂತು ಎಸೆಯುವ ಗೆರೆಯಿಂದ, ಬೋರ್ಡಿಗೆ 2.37 ಮೀಟರ್, ಹತ್ತಿರ ಹತ್ತಿರ ಎಂಟು ಅಡಿ. ನಾನು ಮುಂದಕ್ಕೆ ಬಾಗುವವನು, ಕಣ್ಣಿನಿಂದ ಬೋರ್ಡಿಗೆ ಎರಡು ಮೀಟರ್ ಚಿಲ್ಲರೆ. ಆ ದೂರಕ್ಕೆ ದೂರದ ನಂಬರಿನಲ್ಲಿ 0.50 ಕಡಿಮೆ ಮಾಡಿದರೆ ಸಾಕು. ನನ್ನ ದೂರದ ನಂಬರ್ ಮೈನಸ್ 2.25, ಅದು ಮೈನಸ್ 1.75 ಆಗಬೇಕು. ಊರಿಗೆ ಹೋದಾಗ ಡಬಲ್ 16ರ ಫೋಟೋವನ್ನು ಅದೇ ಅಳತೆಗೆ ಪ್ರಿಂಟ್ ಹಾಕಿಸಿಕೊಂಡು ಜಯನಗರದ ಒಂದು ಅಂಗಡಿಗೆ ಹೋದೆ. ಗೋಡೆಗೆ ಅಂಟಿಸಿ, ಟೇಪು ಹಿಡಿದು ಅಳೆದು ನಿಂತೆ. ಅಂಗಡಿಯವರು "ಸರ್, ಎಂಟು ಅಡಿಗೆ ಅಂತ ಯಾರಾದ್ರೂ ಕನ್ನಡಕ ಮಾಡಿಸ್ತಾರಾ?" ಅಂದರು. ನಾನು ಮಾಡಿಸ್ತೀನಿ ಅಂದೆ. 2,800 ರೂಪಾಯಿ. ಖುಷಿಯಾಗಿ ಇಲ್ಲಿಗೆ ತಂದು ಹಾಕಿದರೆ, ದೂರದ ಬಸ್ಸಿನ ನಂಬರ್ ಚೆನ್ನಾಗಿ ಕಾಣುತ್ತೆ, ಬೋರ್ಡಿನ ಮನೆಗಳ ನಡುವಿನ ತಂತಿ ಮಂಜು ಮಂಜು. ಪಾಪ, ನಾನು ನಂಬರ್ ತಪ್ಪು ಬರೆದಿದ್ದೇನೆ ಅಂದುಕೊಂಡು ಅವರೇ "ಸರಿ" ಮಾಡಿ 2.25 ಹಾಕಿಬಿಟ್ಟಿದ್ದರು!

ಸರಿಯಾದದ್ದು ಸಿಗಲು ಇನ್ನೊಂದು ವರ್ಷ ಕಾಯಬೇಕಾಯಿತು. ಈ ಸಲ ಚೀಟಿಯಲ್ಲಿ "ತಪ್ಪಲ್ಲ, ಬೇಕಂತಲೇ" ಅಂತ ಕನ್ನಡದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಇನ್ನೊಂದು ವಿಷಯ ಇದೆ. ನಾವು ಪಕ್ಕಕ್ಕೆ ತಿರುಗಿ ನಿಲ್ಲುತ್ತೇವೆ, ಗಾಜಿನ ನಡುವಿನಿಂದ ನೋಡುವುದಿಲ್ಲ, ಅಂಚಿನಿಂದ ನೋಡುತ್ತೇವೆ. ಅದಕ್ಕೆ ಗಾಜಿನ ಸೆಂಟರನ್ನು ಸ್ವಲ್ಪ ಸರಿಸಿಸಿದೆ. ಎಷ್ಟು ಮಿಲಿಮೀಟರ್, ಯಾವ ಕಡೆಗೆ ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾನು ಎರಡು ಜೊತೆ ಗಾಜು ಹಾಳು ಮಾಡಿದ್ದೇನೆ, ನೀವೂ ಒಂದಾದರೂ ಹಾಳು ಮಾಡಿ.

ಲೈಟಿನಲ್ಲೂ ಒಂದು ಪಾಠ ಆಯಿತು. ಮನೆಯಲ್ಲಿ ಬೋರ್ಡಿನ ಸುತ್ತ ಎಲ್‌ಇಡಿ ರಿಂಗ್ ಇದೆ, ಆ ಬೆಳಕಿಗೆ ಕಣ್ಣಿನ ಪಾಪೆ ಚಿಕ್ಕದಾಗಿ ಯಾವ ಕನ್ನಡಕವಾದರೂ ನಡೆಯುತ್ತೆ. ಪಬ್ಬಿನ ಮಂಕು ಬಲ್ಬಿನಲ್ಲಿ ಬಣ್ಣ ಬಯಲು. ಅದಕ್ಕೇ ಈಗ ಅರ್ಧ ಪ್ರಾಕ್ಟೀಸ್ ರಿಂಗ್ ಆರಿಸಿಯೇ ಮಾಡುತ್ತೇನೆ. ನೂರಕ್ಕೆ 27, 28 ಬೀಳುತ್ತಿದೆ. ಒಂದು ಭಾನುವಾರ 34 ಬಿತ್ತು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ, ಆದ್ರೂ ಹೇಳದೆ ಇರಕ್ಕಾಗಲ್ಲ.

ಕ್ವಾಲಿಫೈಯರ್ ದಿನ ಎರಡನೇ ಮ್ಯಾಚಿನಲ್ಲಿ ಟಿವಿಯಲ್ಲಿ ಆಡಿದ್ದ ಒಬ್ಬರು ಸಿಕ್ಕರು. ಕೊನೆ ಲೆಗ್ (501ರಿಂದ ಸೊನ್ನೆಗೆ ಇಳಿಸುವ ಒಂದು ಸುತ್ತು), ಮುಗಿಸಲು ನನಗೆ 83 ಬೇಕು. "ಹದಿನೇಳ್ಮೂರ್ಲಿ ಐವತ್ತೊಂದು" ಅಂತ ಬಾಯಲ್ಲೇ ಗೊಣಗಿದೆ. ಪ್ರೈಮರಿ ಸ್ಕೂಲಿನ ಮಗ್ಗಿ, ಇವತ್ತಿಗೂ ನನ್ನ ಲೆಕ್ಕ ಅದರಲ್ಲೇ. ಟ್ರಿಬಲ್ 17, ಉಳಿದದ್ದು 32, ಡಬಲ್ 16. ತಂತಿ ಕೂದಲಿನಷ್ಟು ತೆಳ್ಳಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಒಳಗಡೆಗೆ ಡಾರ್ಟ್ ಹೋಗಿ ಕೂತಿತು. ಅವರು ಕೈ ಕುಲುಕಿ, ಅದೇನು ಮಂತ್ರ ಹೇಳ್ತಿದ್ದೆ ಅಂತ ಕೇಳಿದರು.

ಕೊನೆಯ ಹದಿನಾರರಲ್ಲಿ ಸೋತೆ. ಅದೇ ಡಬಲ್ 16ಕ್ಕೆ ಮೂರು ಡಾರ್ಟ್ ಇತ್ತು, ಮೂರೂ ಹೋಯಿತು. ತಪ್ಪನ್ನು ಕನ್ನಡಕದ ಮೇಲೆ ಹಾಕಲ್ಲ, ಕೈ ನಡುಗಿತು. ಸೋತವರು ಮುಂದಿನ ಮ್ಯಾಚಿಗೆ ಮಾರ್ಕ್ ಮಾಡಬೇಕು, ಅಂದ್ರೆ ಸ್ಕೋರ್ ಬರೆಯಬೇಕು ಅಲ್ವಾ, ಹೋಗಿ ನಿಂತೆ. ಆಗ ನೋಡಿ ಪೇಚಾಟ. ಬೋರ್ಡ್ ನೋಡಲು ಕನ್ನಡಕ ಹಾಕಬೇಕು, ಟ್ಯಾಬ್ಲೆಟ್ ಒತ್ತಲು ತೆಗೆಯಬೇಕು. ಹಾಕು, ತೆಗಿ, ಹಾಕು, ತೆಗಿ. ಎರಡನೇ ಲೆಗ್ಗಿನಲ್ಲಿ 41ರ ಬದಲು 47 ಒತ್ತಿಬಿಟ್ಟೆ, ಆಟಗಾರ ತಿರುಗಿ ನೋಡಿ, "ಒಳ್ಳೇ ಕನ್ನಡಕ ಮಾಡಿಸ್ಕೋ ಮಾರಾಯ" ಅನ್ನುವ ಹಾಗೆ ತಲೆ ಅಲ್ಲಾಡಿಸಿದ.